ಕೂಸಿನ ತಿಂಗಳ ಖರ್ಚು

ಒಂದು ವರ್ಷದೊಳಗಿನ ಶಿಶುವಿಗೆ ತಿಂಗಳಿಗೆ ತಗಲುವ ಖರ್ಚು ಅದು ಏನು ಉಣ್ಣುತ್ತದೆ ಎಂಬುದಕ್ಕಿಂತ ಹೆಚ್ಚಾಗಿ ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಅವಲಂಬಿಸಿದೆ. ಮೊದಲ ಆರು ತಿಂಗಳು ಎದೆಹಾಲನ್ನಷ್ಟೇ ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಾದ್ದರಿಂದ, ಆ ಅವಧಿಯಲ್ಲಿ ಬಾಣಂತಿಯ ಊಟದ ವೆಚ್ಚವೇ ಮಗುವಿನ ಆಹಾರದ ವೆಚ್ಚ. ಪುಡಿಹಾಲು ಅನಿವಾರ್ಯವಾದ ಮನೆಗಳಲ್ಲಿ ಮಾತ್ರ ಈ ಬಾಬತ್ತು ಸಾವಿರಗಳಿಗೆ ಏರುತ್ತದೆ. ಮುಂದೆ ರಾಗಿ ಸರಿ, ಅಂದರೆ ಮೊಳಕೆ ಕಟ್ಟಿದ ರಾಗಿಯನ್ನು ಒಣಗಿಸಿ, ಬೀಸಿ, ತೆಳುಬಟ್ಟೆಯಲ್ಲಿ ಸೋಸಿದ ಹಿಟ್ಟು, ಅಂಗಡಿಯ ಡಬ್ಬಿಗಿಂತ ಬಹಳ ಅಗ್ಗ, ಅಜ್ಜಿಯ ದುಡಿಮೆಗೆ ಬೆಲೆ ಕಟ್ಟದಿದ್ದರೆ.

ಡೈಪರ್ ಒಂದಕ್ಕೆ 10 ರೂಪಾಯಿಯಂತೆ ದಿನಕ್ಕೆ ಆರು ಬಳಸಿದರೆ ತಿಂಗಳಿಗೆ 1,800 ರೂಪಾಯಿ. ಹಳೆಯ ಪಂಚೆಯ ತುಂಡುಗಳಿಗೆ ಹಣ ಬೇಡವಾದರೂ ಒಗೆಯುವ ಕೈ ಬೇಕು. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಚುಚ್ಚುಮದ್ದುಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತವೆ. ಖಾಸಗಿ ಆಸ್ಪತ್ರೆಯನ್ನು ಆರಿಸಿಕೊಂಡವರಿಗೆ ಆರು, ಹತ್ತು, ಹದಿನಾಲ್ಕನೆಯ ವಾರಗಳ ಭೇಟಿಗಳು ಆಯಾ ತಿಂಗಳ ಲೆಕ್ಕವನ್ನೇ ಬುಡಮೇಲು ಮಾಡಬಲ್ಲವು.

ಯಾವ ರಸೀದಿಯಲ್ಲೂ ಕಾಣದ ದೊಡ್ಡ ಬಾಬತ್ತೆಂದರೆ ತಾಯಿ ಬಿಟ್ಟುಕೊಡುವ ಸಂಪಾದನೆ. ಒಂದನ್ನು ಆರಿಸಿಕೊಂಡಾಗ ಕೈತಪ್ಪುವ ಇನ್ನೊಂದರ ಮೌಲ್ಯವನ್ನು ಅರ್ಥಶಾಸ್ತ್ರವು ಅವಕಾಶ ವೆಚ್ಚ ಎನ್ನುತ್ತದೆ. 2017ರ ತಿದ್ದುಪಡಿಯ ನಂತರ ಹೆರಿಗೆ ಸೌಲಭ್ಯ ಕಾಯ್ದೆಯು ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ನೀಡಿತು ಮತ್ತು 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕೆಂದಿತು. ಆದರೆ ಮನೆಗೆಲಸದವರು, ಕೃಷಿ ಕೂಲಿಗಳು ಬಹುಮಟ್ಟಿಗೆ ಇದರ ಹೊರಗೇ ಉಳಿದಿದ್ದಾರೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರಗಳು ಈ ಕೊರತೆಯ ಒಂದು ಭಾಗವನ್ನಷ್ಟೇ ತುಂಬುತ್ತವೆ.