ಎರವಲು ಉಸಿರು

ಒಂದು ಸಲ ಟೀವಿಯ ಸದ್ದನ್ನು ಪೂರ್ತಿ ಅಡಗಿಸಿ ‘ಸನಾದಿ ಅಪ್ಪಣ್ಣ’ ನೋಡಿ. ನಮ್ಮಲ್ಲಿ ಅನೇಕರಿಗೆ ಕಥೆ ಗೊತ್ತು, ಹಾಡು ಬಾಯಿಪಾಠ. ಹಾಗಾಗಿ ನಷ್ಟವೇನಿಲ್ಲ. ರಾಜ್‌ಕುಮಾರ್ ಸನಾದಿಯನ್ನು, ಅಂದರೆ ಶಹನಾಯಿಯನ್ನು, ತುಟಿಗೆ ತಂದ ಕೂಡಲೇ ಬೆರಳುಗಳ ಕಡೆ ಕಣ್ಣು ಓಡುತ್ತದೆ. ಓಡಗೊಡಬೇಡಿ. ಗಲ್ಲ ನೋಡಿ, ಕೊರಳ ನರ ನೋಡಿ, ಭುಜ ನೋಡಿ. ಒಂದು ನುಡಿ ಮುಗಿದು ಇನ್ನೊಂದು ಶುರುವಾಗುವ ಮುಂಚಿನ ಆ ಚೂರು ಬಿಡುವಿನಲ್ಲಿ ಎದೆ ಏನು ಮಾಡುತ್ತದೆ ಅನ್ನುವುದನ್ನು ನೋಡಿ. ಊದುವವನು ಮೊದಲು ಉಸಿರು ತುಂಬಿಕೊಳ್ಳಬೇಕು. ನಾದ ಬರುವುದು ಆಮೇಲೆ. ಊದುವ ನಟನೆ ಮಾಡುವವನಿಗೆ ಆ ಉಸಿರಿನ ಅಗತ್ಯವೇ ಇಲ್ಲ. ನಾದ ಹೇಗೂ ಬೇರೆ ಕಡೆಯಿಂದ ಬರುತ್ತಿರುತ್ತದೆ. ಆದ್ದರಿಂದ ಅನೇಕ ನಟರು ಅದನ್ನು ಮರೆಯುತ್ತಾರೆ. ವಾದ್ಯದ ಸದ್ದು ಬಂದ ಮೇಲೆ ಅವರ ಮೈ ಏಳುತ್ತದೆ. ರಾಜ್‌ಕುಮಾರ್ ಅವರ ಮೈ ಸದ್ದಿಗಿಂತ ಅರೆಗಳಿಗೆ ಮುಂಚೆ ಏಳುತ್ತದೆ. ಸಿನಿಮಾದಲ್ಲಿ ಸಂಗೀತಗಾರನನ್ನು ಹುಟ್ಟಿಸುವ ಕಸುಬಿನ ಗುಟ್ಟೆಲ್ಲ ಈ ಅರೆಗಳಿಗೆಯಲ್ಲಿದೆ ಎಂದು ನಾನು ನಂಬಿದ್ದೇನೆ.

ಆ ಚಿತ್ರ ಬಂದದ್ದು 1977ರಲ್ಲಿ, ವಿಜಯ್ ನಿರ್ದೇಶನದಲ್ಲಿ, ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ. ಪರದೆಯ ಮೇಲೆ ಊದುತ್ತಿರುವವನು ಅಪ್ಪಣ್ಣ, ಮೈ ರಾಜ್‌ಕುಮಾರ್ ಅವರದು, ಉಸಿರು ಕಾಶಿಯ ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರದು. ಜಯಪ್ರದಾ ಕುಣಿಯುವ, ಎಸ್. ಜಾನಕಿ ಹಾಡಿದ ಆ ಪ್ರಸಿದ್ಧ ಹಾಡಿನಲ್ಲಿ ಸನಾದಿಯೂ ದನಿಯೂ ಒಂದನ್ನೊಂದು ಹಿಂಬಾಲಿಸುತ್ತವೆ. ಉಸ್ತಾದರಿಗೆ ಸಿನಿಮಾ ಹೊಸದಲ್ಲ. 1959ರ ಹಿಂದಿ ಚಿತ್ರ ‘ಗೂಂಜ್ ಉಠೀ ಶಹನಾಯಿ’ಯಲ್ಲಿ ರಾಜೇಂದ್ರ ಕುಮಾರ್ ಅವರ ಕೈಯಲ್ಲಿದ್ದ ಶಹನಾಯಿಗೂ ಉಸಿರು ಕೊಟ್ಟವರು ಅವರೇ. ಒಬ್ಬರದೇ ಉಸಿರು ಒಮ್ಮೆ ಒಬ್ಬ ಪಾತ್ರವಾಯಿತು, ಹದಿನೆಂಟು ವರ್ಷದ ಬಳಿಕ ಇನ್ನೊಬ್ಬನಾಯಿತು. ಬಿಡುವಿದ್ದಾಗ ಎರಡನ್ನೂ ಒಟ್ಟಿಗೆ ಕೇಳಿ ನೋಡಿ.

ಊದುವ ವಾದ್ಯ ನಟನಿಗೆ ಏಕೆ ಕಷ್ಟ ಅನ್ನುವುದಕ್ಕೆ ಒಂದು ಸರಳ ಕಾರಣವಿದೆ. ವೀಣೆ, ಸಿತಾರ್, ತಬಲಾ ಆದರೆ ಕೈಯೇ ಬೇರೆ, ಮುಖವೇ ಬೇರೆ. ನಟನ ಮುಖವನ್ನು ಒಂದು ಶಾಟ್‌ನಲ್ಲಿ ತೆಗೆದು, ನಿಜವಾದ ವಾದಕರ ಕೈಗಳನ್ನು ಇನ್ನೊಂದರಲ್ಲಿ ಹತ್ತಿರದಿಂದ ತೆಗೆದು, ಎರಡನ್ನೂ ಹೊಲಿದುಬಿಡಬಹುದು. ನೋಡುವವರ ಮನಸ್ಸು ಆ ಹೊಲಿಗೆಯನ್ನು ತಾನೇ ಮುಚ್ಚಿಕೊಳ್ಳುತ್ತದೆ. ಸನಾದಿಯಲ್ಲಿ ಆ ಅನುಕೂಲವಿಲ್ಲ. ವಾದ್ಯ ಬಾಯಲ್ಲೇ ಇರುತ್ತದೆ, ಬೆರಳು ಗದ್ದದ ಕೆಳಗೇ ಇರುತ್ತವೆ. ಮುಖ ತೋರಿಸಿದರೆ ಬೆರಳೂ ಬಂತು. ಅದಲ್ಲದೆ ಸನಾದಿಯ ಸ್ವರ ಬರೀ ರಂಧ್ರ ಮುಚ್ಚಿ ತೆರೆದರೆ ಹುಟ್ಟುವುದಲ್ಲ. ರಂಧ್ರವನ್ನು ಅರ್ಧ ಮುಚ್ಚಿ, ತುದಿಯ ಪೀಪಿಯನ್ನು ತುಟಿಯಲ್ಲಿ ಬಿಗಿಹಿಡಿದು, ಸಡಿಲಿಸಿ, ಸ್ವರದಿಂದ ಸ್ವರಕ್ಕೆ ಜಾರಬೇಕು. ಮೀಂಡ್ ಎನ್ನುವುದು ಅಲ್ಲಿ ತುಟಿಯ ಕೆಲಸ. ಪಕ್ಕದಲ್ಲಿ ಶ್ರುತಿ ಹಿಡಿದು ಕೂತವನದು ಬೇರೆಯೇ ಬಗೆ. ಗಲ್ಲದಲ್ಲಿ ಗಾಳಿ ಕೂಡಿಟ್ಟು, ಮೂಗಿನಲ್ಲಿ ಉಸಿರೆಳೆಯುತ್ತಲೇ ಬಾಯಲ್ಲಿ ಬಿಡುತ್ತ, ಷಡ್ಜ ಕಡಿಯದಂತೆ ನೋಡಿಕೊಳ್ಳುವವನು ಅವನು. ಒಂದು ಚೌಕಟ್ಟಿನಲ್ಲಿ ಇಬ್ಬರೂ ಕೂತಿದ್ದರೆ ಇಬ್ಬರ ಎದೆಯೂ ಬೇರೆ ಬೇರೆ ಲಯದಲ್ಲಿ ಏರಿಳಿಯಬೇಕು.

ತಮಿಳಿನ ‘ತಿಲ್ಲಾನಾ ಮೋಹನಾಂಬಾಳ್’ (1968) ಈ ಕಷ್ಟವನ್ನು ಎರಡರಷ್ಟು ಮಾಡಿಕೊಂಡು ಗೆದ್ದ ಚಿತ್ರ. ಅಲ್ಲಿ ಜೋಡಿ ನಾಗಸ್ವರ. ಶಿವಾಜಿ ಗಣೇಶನ್ ಅಣ್ಣ, ಎ.ವಿ.ಎಂ. ರಾಜನ್ ತಮ್ಮ. ಹಿನ್ನೆಲೆಯಲ್ಲಿ ನುಡಿಸಿದವರೂ ಒಡಹುಟ್ಟಿದವರೇ, ಮಧುರೈನ ಎಂ.ಪಿ.ಎನ್. ಸೇತುರಾಮನ್ ಮತ್ತು ಪೊನ್ನುಸ್ವಾಮಿ. ಪರದೆಯ ಮೇಲೆ ಜೊತೆಗೆ ಟಿ.ಎಸ್. ಬಾಲಯ್ಯ ಅವರ ತವಿಲ್. ಒಂದು ಕೈ ಬೆರಳುಗಳಿಗೆ ಗೂಡು, ಇನ್ನೊಂದರಲ್ಲಿ ಕೋಲು. ಆ ಮೇಳವನ್ನು ನೋಡಿದ ಮೇಲೂ ಶಿವಾಜಿ ನಾಗಸ್ವರ ಕಲಿತವರಲ್ಲ ಎಂದು ನಂಬಲು ಮನಸ್ಸು ಒಪ್ಪುವುದಿಲ್ಲ.

ಆದರೆ ನನ್ನ ಪ್ರೀತಿಯಿರುವುದು ಕನ್ನಡದ ಮೂರು ಚಿತ್ರಗಳ ಮೇಲೆ. ‘ಸಂಧ್ಯಾರಾಗ’ (1966), ‘ಹಂಸಗೀತೆ’ (1975), ‘ಸನಾದಿ ಅಪ್ಪಣ್ಣ’. ಮೂರರಲ್ಲೂ ನಾಯಕ ಸಂಗೀತಗಾರ, ಮೂವರೂ ಕಾದಂಬರಿಯಿಂದ ಎದ್ದು ಬಂದವರು. ಸಂಧ್ಯಾರಾಗ ಅ.ನ. ಕೃಷ್ಣರಾಯರದು, ಹಂಸಗೀತೆ ತ.ರಾ. ಸುಬ್ಬರಾಯರದು, ಅಪ್ಪಣ್ಣ ಉತ್ತರ ಕರ್ನಾಟಕದ ಕೃಷ್ಣಮೂರ್ತಿ ಪುರಾಣಿಕರವನು. ಕಾದಂಬರಿಕಾರನಿಗೆ ಒಂದು ಸೌಕರ್ಯವುಂಟು. ಆತ ಹಾಡಿದ, ಸಭೆ ಮೈಮರೆಯಿತು ಎಂದು ಬರೆದರೆ ಆಯಿತು. ಓದುವವರು ತಮ್ಮ ತಮ್ಮ ಕಿವಿಗೆ ಒಪ್ಪುವ ಹಾಡನ್ನು ತಾವೇ ಅಲ್ಲಿ ತುಂಬಿಕೊಳ್ಳುತ್ತಾರೆ. ಮಲ್ಲಿಕಾರ್ಜುನ ಮನ್ಸೂರರನ್ನು ಕೇಳಿದವರಿಗೆ ಮನ್ಸೂರರೇ ಕೇಳಿಸುತ್ತಾರೆ. ಸಿನಿಮಾದವರು ಆ ವಾಕ್ಯದ ಎದುರು ಬಂದು ನಿಂತಾಗ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಅವನು ಹಾಡಲೇಬೇಕು. ಸಭೆ ಮೈಮರೆಯುವುದು ನಮಗೂ ನ್ಯಾಯ ಅನ್ನಿಸಬೇಕು. ಹಾಡು ಸಾಧಾರಣವಾಗಿದ್ದು ಸಭಿಕರು ಮಾತ್ರ ತಲೆದೂಗಿದರೆ ಪಾತ್ರವೇ ಸುಳ್ಳಾಗಿ ಬಿಡುತ್ತದೆ.

‘ಸಂಧ್ಯಾರಾಗ’ದವರು ಇದನ್ನು ಚೆನ್ನಾಗಿ ಅರಿತಿದ್ದರು. ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಇಬ್ಬರನ್ನೂ ಹಾಡಿಸಿದರು. ಹಿಂದೂಸ್ತಾನಿಯ ಕೊರಳೊಂದು, ಕರ್ನಾಟಕ ಸಂಗೀತದ ಕೊರಳೊಂದು ಒಂದೇ ಕನ್ನಡ ಚಿತ್ರದೊಳಗೆ. ಇಂಥವರನ್ನು ಕರೆತಂದ ಮೇಲೆ ಕಥೆ ಗಾಯಕನನ್ನು ಹೊಗಳುವ ಅಗತ್ಯವೇ ಇರುವುದಿಲ್ಲ.

ಇನ್ನು ಒಬ್ಬರ ಮೈಯೂ ಇನ್ನೊಬ್ಬರ ದನಿಯೂ ಕೂಡುವ ಬಗೆ. ಮೊದಲು ಹಾಡು. ಸ್ಟುಡಿಯೋದಲ್ಲಿ ಧ್ವನಿಮುದ್ರಣವಾಗಿ ಮುಗಿದ ಹಾಡನ್ನು ಚಿತ್ರೀಕರಣದ ಜಾಗದಲ್ಲಿ ದೊಡ್ಡ ದನಿಯಲ್ಲಿ ಹಾಕುತ್ತಾರೆ. ನಟ ಅದಕ್ಕೆ ತುಟಿ, ಕೈ, ಉಸಿರು ಹೊಂದಿಸುತ್ತಾನೆ. ನಮ್ಮ ದೇಶದ ಚಿತ್ರಗಳಿಗೆ ಹಿನ್ನೆಲೆ ಗಾಯನ ಬಂದದ್ದು 1935ರಲ್ಲಿ. ಅಲ್ಲಿಂದೀಚೆಗೆ ಯಂತ್ರಗಳು ಬದಲಾದವು, ಕ್ರಮ ಬಹುಮಟ್ಟಿಗೆ ಅದೇ. ಭಾವಗೀತೆಯಂಥ ಹಾಡಾದರೆ ಮಾತಿನ ಆಸರೆ ಇರುತ್ತದೆ. ಶಾಸ್ತ್ರೀಯ ಸಂಗೀತದಲ್ಲಿ ಆ ಆಸರೆ ಕಳಚಿಹೋಗುತ್ತದೆ. ತಾನ್ ಹಾಡುವಾಗ ಬಾಯಿ ಬರೀ ‘ಆ’ಕಾರದಲ್ಲಿ ತೆರೆದಿರುತ್ತದೆ. ಸುಲಭವೆನಿಸುತ್ತದೆ, ತುಟಿ ಅಲ್ಲಾಡಿಸುವ ಕೆಲಸವೇ ಇಲ್ಲವಲ್ಲ! ಆದರೆ ತುಟಿ ಸುಮ್ಮನಿರುವಾಗ ನೋಡುವವರ ಕಣ್ಣು ಕೊರಳಿಗೆ ಇಳಿಯುತ್ತದೆ. ತಾನಿನ ಪ್ರತಿ ಸುತ್ತೂ ಗಂಟಲಲ್ಲಿ ಮಿಸುಕುತ್ತದೆ, ದವಡೆಯಲ್ಲಿ ಅದುರುತ್ತದೆ. ಸುಮ್ಮನೆ ಬಾಯಿ ತೆರೆದು ಕೂತವನ ಕೊರಳು ಮಾತ್ರ ಒಣ ಮರದಂತೆ ಇರುತ್ತದೆ.

ಕಲ್ಪನಾಸ್ವರದಲ್ಲಿ ತೊಂದರೆ ಬೇರೆ. ಸ ರಿ ಗ ಮ ಪ ದ ನಿ ಎಂದು ಕನ್ನಡಿಯ ಮುಂದೆ ಹೇಳಿಕೊಂಡು ನೋಡಿ. ಏಳರಲ್ಲಿ ತುಟಿ ಕೂಡುವುದು ಎರಡಕ್ಕೆ ಮಾತ್ರ, ಮ ಮತ್ತು ಪ. ಉಳಿದ ಐದನ್ನು ನಾಲಿಗೆ, ಗಂಟಲು ನೋಡಿಕೊಳ್ಳುತ್ತವೆ. ಹತ್ತಿರದಿಂದ ತೆಗೆದ ದೃಶ್ಯದಲ್ಲಿ ನಟ ರಿಷಭಕ್ಕೆ ಗಾಂಧಾರ ಅಂದುಕೊಂಡರೂ ಯಾರಿಗೂ ತಿಳಿಯದು. ಮಧ್ಯಮ, ಪಂಚಮಕ್ಕೆ ತುಟಿ ತೆರೆದೇ ಇದ್ದರೆ ಸಂಗೀತದ ಗಂಧವಿಲ್ಲದವರಿಗೂ ಏನೋ ಎಡವಟ್ಟಾಗಿದೆ ಅನ್ನಿಸುತ್ತದೆ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ಸೆಕೆಂಡಿಗೆ ಎಂಟು ಸ್ವರ ಉದುರುವ ವೇಗದಲ್ಲಿ ಒಂದೊಂದು ಸ್ವರಕ್ಕೆ ಸಿಗುವುದು ಮೂರೇ ಚೌಕಟ್ಟು. ಆ ಮೂರರೊಳಗೆ ತುಟಿ ಕೂಡಿ ತೆರೆಯಬೇಕು. ಇದನ್ನು ಅಂದಾಜಿನಲ್ಲಿ ಮಾಡಲಾಗದು. ನಟ ಆ ಸ್ವರಗಳನ್ನು ಕಲಿತಿರಬೇಕು, ದನಿ ಹೊರಡದಿದ್ದರೂ ಒಳಗೆ ಹಾಡುತ್ತಿರಬೇಕು.

ತಾಳದ ಕೈ ಇನ್ನೂ ನಿಷ್ಠುರ. ಆದಿತಾಳದ ಎಂಟು ಎಣಿಕೆ, ಒಂದು ಪೆಟ್ಟು, ಮೂರು ಬೆರಳು, ಮತ್ತೆ ಪೆಟ್ಟು ಬೀಸು, ಪೆಟ್ಟು ಬೀಸು. ಮುಖ ತೋರಿಸುವ ಶಾಟ್‌ನಿಂದ ದೂರದ ಶಾಟ್‌ಗೆ ಹಾರುವಾಗ ಸಂಕಲನಕಾರ ಆ ಕೈಯನ್ನು ನೆನಪಿಡಬೇಕು. ಕಿರುಬೆರಳಲ್ಲಿದ್ದ ಎಣಿಕೆ ಕ್ಷಣಾರ್ಧದಲ್ಲಿ ಬೀಸಿಗೆ ಹೋಗಿಬಿಟ್ಟರೆ ಸಾಮಾನ್ಯ ಪ್ರೇಕ್ಷಕರು ಗಮನಿಸಲಿಕ್ಕಿಲ್ಲ. ಆದರೆ ರಾಮನವಮಿ ಕಛೇರಿಗಳಲ್ಲಿ ತೊಡೆಯ ಮೇಲೆ ತಾಳ ಹಾಕುತ್ತ ಬೆಳೆದವರ ಮುಂದೆ ಆ ಗಾಯಕ ಅಲ್ಲಿಗೇ ಮುಗಿದ.

ಕೊರಳಿನ ಹೊಂದಿಕೆಯ ವಿಷಯವನ್ನು ನಾನು ಬಹಳ ಕಾಲ ಯೋಚಿಸಿದ್ದೇನೆ. ಪಾತ್ರ ಮಾತನಾಡುತ್ತದೆ, ಮರುಗಳಿಗೆ ಹಾಡುತ್ತದೆ. ಮಾತು ನಟನದು, ಹಾಡು ಗಾಯಕನದು. ಎರಡೂ ಒಂದೇ ಗಂಟಲಿಂದ ಬಂದಂತೆ ಕೇಳಬೇಕು. 1952ರ ‘ಬೈಜು ಬಾವರಾ’ದಲ್ಲಿ ಭಾರತ್ ಭೂಷಣ್ ಅವರ ಬೈಜುವಿಗೆ ಹಾಡುಗಾರಿಕೆಯಲ್ಲೇ ಎರಡು ಕೊರಳು. ಇತರ ಹಾಡುಗಳಲ್ಲಿ ಮಹಮ್ಮದ್ ರಫಿ, ತಾನಸೇನನ ಜೊತೆಗಿನ ಸ್ಪರ್ಧೆಯಲ್ಲಿ ಡಿ.ವಿ. ಪಲುಸ್ಕರ್. ಹಾಗಿದ್ದೂ ಬೈಜು ಇಬ್ಬರಾಗಿ ಒಡೆಯುವುದಿಲ್ಲ. ತೆಲುಗಿನ ‘ಶಂಕರಾಭರಣಂ’ (1980) ಇದಕ್ಕಿಂತ ದಿಟ್ಟ. ಶಾಸ್ತ್ರೀಯತೆಯಲ್ಲಿ ಕಿಂಚಿತ್ತೂ ರಾಜಿಯಾಗದ ವಿದ್ವಾಂಸನ ಪಾತ್ರಕ್ಕೆ ಕೊರಳು ಕೊಟ್ಟವರು ಶಾಸ್ತ್ರೋಕ್ತವಾಗಿ ಸಂಗೀತ ಕಲಿಯದಿದ್ದ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಮೈ ಕೊಟ್ಟವರು ಸರ್ಕಾರಿ ಅಧಿಕಾರಿಯಾಗಿದ್ದ ಜೆ.ವಿ. ಸೋಮಯಾಜುಲು. ಸಂಗೀತ ನಿರ್ದೇಶಕ ಕೆ.ವಿ. ಮಹದೇವನ್ ಅವರ ಸಹಾಯಕ ಪುಹಳೇಂದಿ ಕೂತು ಕಲಿಸಿದರು, ಎಸ್‌ಪಿಬಿ ಕಲಿತರು. ಆ ಹಾಡುಗಳಿಗೆ ರಾಷ್ಟ್ರಪ್ರಶಸ್ತಿ ಬಂತು. ಇಬ್ಬರು ವಿದ್ವಾಂಸರಲ್ಲದವರು ಸೇರಿ ಒಬ್ಬ ಪೂರ್ಣ ವಿದ್ವಾಂಸನಾದರು.

ರಾಜ್‌ಕುಮಾರ್ ಅವರದಂತೂ ವಿಶೇಷ ಪ್ರಸಂಗ. ಬಾಲ್ಯದಿಂದ ಕಂಪನಿ ನಾಟಕದಲ್ಲಿ ಹಾಡಿ ಬೆಳೆದವರು, ಆದರೂ ಚಿತ್ರಗಳಲ್ಲಿ ಬಹುಕಾಲ ಪಿ.ಬಿ. ಶ್ರೀನಿವಾಸ್ ಅವರ ದನಿಗೆ ತುಟಿ ಹೊಂದಿಸಿದವರು. 1974ರ ‘ಸಂಪತ್ತಿಗೆ ಸವಾಲ್’ನಿಂದ ತಮ್ಮ ಹಾಡನ್ನು ತಾವೇ ಹಾಡತೊಡಗಿದರು. ಹಾಡಬಲ್ಲವರು ಹೀಗೆ ಇನ್ನೊಬ್ಬರ ದನಿಗೆ ತುಟಿ ಹೊಂದಿಸಿದ್ದರಿಂದಲೇ ಅವರಿಗೆ ಉಸಿರಿನ ಲೆಕ್ಕ ಅಷ್ಟು ಚೆನ್ನಾಗಿ ತಿಳಿದಿತ್ತೆಂದು ನನ್ನ ಊಹೆ. ಎಲ್ಲಿ ಗಾಯಕ ಉಸಿರೆಳೆಯುತ್ತಾನೆ ಅನ್ನುವುದು ಹಾಡುವವರಿಗೆ ಮಾತ್ರ ಗೊತ್ತಿರುವ ಸಂಗತಿ. ಸನಾದಿ ಕೈಗೆ ಬಂದಾಗ ಆ ತಿಳಿವಳಿಕೆ ವಾದ್ಯಕ್ಕೂ ಒದಗಿತು.

ಸ್ಪರ್ಧೆಯ ದೃಶ್ಯಗಳಲ್ಲಿ ಸಂಗೀತ ನಿರ್ದೇಶಕರ ಜಾಣ್ಮೆ ಪೂರ್ತಿ ಹೊರಬೀಳುತ್ತದೆ. ಯಾರು ಗೆದ್ದರು ಎಂದು ರಾಗ ತಿಳಿಯದವರ ಕಿವಿಗೂ ಹೊಳೆಯಬೇಕು. ‘ಬೈಜು ಬಾವರಾ’ದಲ್ಲಿ ನೌಷಾದ್ ಮಾಡಿದ್ದನ್ನು ನೋಡಿ. ತಾನಸೇನನಿಗೆ ಉಸ್ತಾದ್ ಅಮೀರ್ ಖಾನ್ ಅವರ ಆಳದ ಕೊರಳು, ಬೈಜುವಿಗೆ ಪಲುಸ್ಕರ್ ಅವರ ತಿಳಿಯಾದ, ಎಳೆಬಿಸಿಲಿನಂಥ ಕೊರಳು. ಕಣ್ಣು ಮುಚ್ಚಿ ಕೂತರೂ ಯಾರು ಹಾಡುತ್ತಿದ್ದಾರೆ ಎಂಬ ಗೊಂದಲವಿಲ್ಲ. ಬೈಠಕ್‌ನಲ್ಲಿ ಮುಕ್ಕಾಲು ಗಂಟೆ ಅರಳಬಹುದಾದ ದೇಸಿ ರಾಗವನ್ನು ಕೆಲವೇ ನಿಮಿಷಕ್ಕೆ ಇಳಿಸಿದ್ದಾರೆ. ವಿಲಂಬಿತದ ರುಚಿ ತೋರಿಸಿ, ದ್ರುತಕ್ಕೆ ದಾಟಿಸಿ, ತಾನುಗಳನ್ನು ಎದುರುಬದುರು ನಿಲ್ಲಿಸಿ, ಎಲ್ಲಿಯೂ ಅವಸರ ಕಾಣದಂತೆ. ಮೂರು ನಿಮಿಷದ ಗ್ರಾಮಫೋನ್ ತಟ್ಟೆಗೆ ಹಾಡುವುದನ್ನು ರೂಢಿಸಿಕೊಂಡಿದ್ದ ಕಾಲ ಅದು, ಆ ಶಿಸ್ತು ಇಲ್ಲಿ ನೆರವಾಯಿತು.

1956ರ ‘ಬಸಂತ್ ಬಹಾರ್’ ನಮ್ಮದೇ ಮನೆಯ ಕಥೆ. ಬೊಂಬಾಯಿಯ ಈ ಹಿಂದಿ ಚಿತ್ರಕ್ಕೆ ಮೂಲ ತ.ರಾ.ಸು. ಅವರ ‘ಹಂಸಗೀತೆ’. ಆಸ್ಥಾನದ ಸ್ಪರ್ಧೆಯಲ್ಲಿ ನಾಯಕನಿಗೆ ಮನ್ನಾ ಡೇ, ಎದುರಾಳಿಗೆ ಗದಗಿನ ನೆಲದ ಭೀಮಸೇನ ಜೋಶಿ. ಕಥೆಯ ಪ್ರಕಾರ ಗೆಲ್ಲಬೇಕಾದವರು ಮನ್ನಾ ಡೇ. ಭೀಮಸೇನರ ಎದುರು ಹಾಡಿ ಗೆಲ್ಲುವುದೇ ಎಂದು ಅವರು ಹಿಂಜರಿದು, ತಪ್ಪಿಸಿಕೊಳ್ಳಲೂ ನೋಡಿದ್ದರು. ಹೆಂಡತಿ ಧೈರ್ಯ ಹೇಳಿದ ಮೇಲೆ ಒಪ್ಪಿದರು. ಬಸಂತ್ ರಾಗದ ಆ ಹಾಡನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಭೀಮಸೇನರು ಹಾಡನ್ನು ಎಲ್ಲಿಯೂ ತೆಳು ಮಾಡುವುದಿಲ್ಲ. ಎದುರಿನವನು ಗೆಲ್ಲಲೆಂದು ಸ್ವರವನ್ನು ಜಾರಿಸುವುದಿಲ್ಲ. ಪೂರ್ಣವಾಗಿ ಹಾಡುತ್ತಾರೆ, ಜಾಗ ಮಾತ್ರ ಬಿಟ್ಟುಕೊಡುತ್ತಾರೆ. ಮನ್ನಾ ಡೇ ಆ ಜಾಗದಲ್ಲಿ ನಡುಗದೆ ನಿಂತು ಹಾಡುತ್ತಾರೆ. ಆಗ ಭೀಮಸೇನರಿಗೆ 34 ವರ್ಷ.

ಇಷ್ಟೆಲ್ಲ ಹೇಳಿದೆನಾದರೂ ಒಂದು ಪಾಲನ್ನು ಕೇಳುಗರ ಪಾತ್ರ ಮಾಡುವವರಿಗೆ ಕೊಡದಿದ್ದರೆ ಅನ್ಯಾಯವಾದೀತು. ಪಕ್ಕದ ಮೃದಂಗದವನು ಒಂದು ಮುಕ್ತಾಯ ಬರುವ ಮುಂಚೆ ಗಾಯಕನ ಕಡೆ ತಿರುಗಿ ಹುಬ್ಬೇರಿಸಿದರೆ ಸಾಕು, ಅಲ್ಲಿ ಏನೋ ದೊಡ್ಡದು ಬರುತ್ತಿದೆ ಎಂದು ನಮಗೂ ತಿಳಿಯುತ್ತದೆ. ಹೊಗಳಿಕೆ ಎಲ್ಲರ ಬಾಯಿಂದ ಒಟ್ಟಿಗೆ ಬಂದರೆ ನಾಟಕೀಯ. ನಿಜವಾದ ಕಛೇರಿಯಲ್ಲಿ ಮೊದಲು ಒಬ್ಬರು, ಆಮೇಲೆ ಅಲ್ಲೊಬ್ಬರು ಇಲ್ಲೊಬ್ಬರು. ಕೆಲವರು ತಡವಾಗಿ.

ಜಿ.ವಿ. ಅಯ್ಯರ್ ‘ಹಂಸಗೀತೆ’ಯನ್ನು ಚಿತ್ರದುರ್ಗದ ಬಂಡೆಗಳ ನಡುವೆ ಕಟ್ಟಿದರು. ನಾಡಿನ ಐತಿಹ್ಯವೊಂದರ ಎಳೆ ಹಿಡಿದು ತ.ರಾ.ಸು. ಬರೆದ ಭೈರವಿ ವೆಂಕಟಸುಬ್ಬಯ್ಯನಿಗೆ ಮೈಯಾದವರು ಯುವಕ ಅನಂತನಾಗ್, ಕೊರಳಾದವರು ಬಾಲಮುರಳಿಕೃಷ್ಣ. ಈ ಕಥೆಯಲ್ಲಿ ಕೊರಳೇ ಎಲ್ಲ. ಯಾಕೆಂದರೆ ದೊರೆಯ ಮುಂದೆ ಹಾಡಲೊಪ್ಪದೆ ಆ ಗಾಯಕ ತನ್ನ ನಾಲಿಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಅಷ್ಟರವರೆಗೆ ಕೇಳಿದ ಹಾಡು ನಮ್ಮೊಳಗೆ ಬೇರೂರದೇ ಇದ್ದರೆ ಆ ಕೊನೆ ಬರೀ ಒಂದು ಭೀಕರ ಘಟನೆ. ಬೇರೂರಿದ್ದರೆ ಏನು ಹೋಯಿತು ಎಂದು ಎದೆಗೆ ಗೊತ್ತಾಗುತ್ತದೆ. ಅಯ್ಯರ್ ಚಿತ್ರದುದ್ದಕ್ಕೂ ಬಾಲಮುರಳಿಯವರ ದನಿಗೆ ಜಾಗ ಕೊಡುತ್ತ ಹೋದದ್ದು ಆ ಒಂದು ಗಳಿಗೆಗಾಗಿ. 1975ರ ಶ್ರೇಷ್ಠ ಹಿನ್ನೆಲೆ ಗಾಯಕನೆಂಬ ರಾಷ್ಟ್ರಪ್ರಶಸ್ತಿ ಬಾಲಮುರಳಿಕೃಷ್ಣ ಅವರಿಗೆ ಬಂದದ್ದು ಈ ಚಿತ್ರಕ್ಕೆ, ಕೊನೆಗೆ ಮೌನವಾದ ಆ ಕೊರಳಿಗೆ.