ತೋಳದ ಬಾಯಿಗೆ ಕೈ ಇಟ್ಟವನು

ಥಾರ್ ಅಂದ ಕೂಡಲೇ ನಮ್ಮ ಹಾಸ್ಟೆಲ್‌ನಲ್ಲಿ ಅರ್ಧ ಜನಕ್ಕೆ ಜೀಪ್ ನೆನಪಾಗುತ್ತೆ, ಇನ್ನರ್ಧ ಜನಕ್ಕೆ ಮಾರ್ವೆಲ್ ಸಿನಿಮಾದ ಸುತ್ತಿಗೆ. ನಾನು ಎರಡನೇ ಗುಂಪು. ಲೋಕಿ ಅಂದ್ರೆ ಓಡಿನ್‌ನ ಸಾಕುಮಗ, ಥಾರ್‌ನ ತಮ್ಮ ಅಂತಲೇ ನಂಬಿದ್ದೆ. ರಜೆಯಲ್ಲಿ ಎಡ್ಡಾ ಓದಿದಾಗ ಗೊತ್ತಾಯ್ತು, ಮೂಲದಲ್ಲಿ ಹಾಗಿಲ್ಲವೇ ಇಲ್ಲ. ಅಲ್ಲಿ ಲೋಕಿ ಮತ್ತು ಓಡಿನ್ ರಕ್ತ ಬೆರೆಸಿ ಅಣ್ಣತಮ್ಮಂದಿರಾದವರು. ಓಡಿನ್‌ನ ಎಂಟು ಕಾಲಿನ ಕುದುರೆ ಸ್ಲೈಪ್ನಿರ್ ಇದೆಯಲ್ಲ, ಅದನ್ನು ಹೆತ್ತಿದ್ದು ಲೋಕಿ. ಹೌದು, ಹೆಣ್ಣು ಕುದುರೆಯ ರೂಪದಲ್ಲಿ!

ಈ ಕಥೆಗಳಲ್ಲಿ ಹೆಚ್ಚಿನವು ನಮಗೆ ಸಿಕ್ಕಿರೋದು ಐಸ್‌ಲ್ಯಾಂಡ್‌ನಿಂದ. ಆ ದ್ವೀಪ ಸುಮಾರು 1000ನೇ ಇಸವಿಗೆ ಕ್ರೈಸ್ತ ಮತಕ್ಕೆ ಸೇರಿತು. ಅದಾಗಿ ಇನ್ನೂರು ವರ್ಷದ ಮೇಲೆ, 1220ರ ಆಸುಪಾಸಿನಲ್ಲಿ, ಸ್ನೋರಿ ಸ್ಟುರ್ಲುಸನ್ ಎಂಬ ಕವಿ, ರಾಜಕಾರಣಿ ಹಳೆಯ ದೇವರುಗಳ ಕಥೆಗಳನ್ನು ಗದ್ಯದಲ್ಲಿ ಬರೆದಿಟ್ಟ. ಹಳೆಯ ಪದ್ಯಗಳ ಮುಖ್ಯ ಹಸ್ತಪ್ರತಿ 1270ರ ಕಾಲದ್ದು. ಅದು 1643ರಲ್ಲಿ ಒಬ್ಬ ಬಿಷಪ್ ಕೈಗೆ ಸಿಕ್ಕಿ, ಆಮೇಲೆ ಡೆನ್ಮಾರ್ಕ್ ರಾಜನಿಗೆ ಹೋಗಿ, 1971ರಲ್ಲಿ ಹಡಗಿನಲ್ಲಿ ವಾಪಸ್ ಬಂತು.

ನಾನು ಹೇಳಬೇಕು ಅಂತ ಕೂತಿರೋದು ಒಂದೇ ಕಥೆ. ಓದಿದ ಮೇಲೆ ತಲೆಯಿಂದ ಹೋಗದ ಕಥೆ.

ಲೋಕಿಗೆ ಅಂಗ್ರ್‌ಬೋಡಾ ಎಂಬ ದೈತ್ಯೆಯಲ್ಲಿ ಮೂರು ಮಕ್ಕಳು. ಇವರಿಂದ ಮುಂದೆ ಕೇಡಿದೆ ಅಂತ ಭವಿಷ್ಯವಾಣಿ ಇತ್ತು. ಹಾಗಾಗಿ ಓಡಿನ್ ಹಾವನ್ನು ಕಡಲಿಗೆ ಎಸೆದ, ಹೆಲ್ ಎಂಬ ಮಗಳನ್ನು ಸತ್ತವರ ಲೋಕಕ್ಕೆ ಕಳಿಸಿದ. ತೋಳದ ಮರಿ ಫೆನ್ರಿರ್ ಮಾತ್ರ ದೇವತೆಗಳ ಮನೆಯಲ್ಲೇ ಬೆಳೆಯಿತು. ಅದಕ್ಕೆ ಹತ್ತಿರ ಹೋಗಿ ಊಟ ಹಾಕುವ ಧೈರ್ಯ ಇದ್ದದ್ದು ಟಿರ್ ಎಂಬ ಒಬ್ಬ ದೇವರಿಗೆ ಮಾತ್ರ.

ತೋಳ ದಿನದಿನಕ್ಕೆ ದೊಡ್ಡದಾಯ್ತು. ದೇವತೆಗಳಿಗೆ ಭಯ. "ನಿನ್ನ ಶಕ್ತಿ ನೋಡೋಣ" ಅಂತ ಆಟದ ನೆಪ ಹೇಳಿ ಸಂಕೋಲೆ ಹಾಕಿದರು. ಮೊದಲನೆಯದು ಒಂದೇ ಒದೆತಕ್ಕೆ ಮುರಿಯಿತು. ಅದರ ಎರಡರಷ್ಟು ಗಟ್ಟಿ ಇದ್ದ ಇನ್ನೊಂದೂ ಚೂರುಚೂರಾಯ್ತು. ಕೊನೆಗೆ ಕುಬ್ಜರ ಹತ್ತಿರ ಗ್ಲೈಪ್ನಿರ್ ಎಂಬ ಕಟ್ಟು ಮಾಡಿಸಿದರು. ಅದಕ್ಕೆ ಹಾಕಿದ್ದು ಆರು ಸಾಮಾನು: ಬೆಕ್ಕಿನ ಹೆಜ್ಜೆಯ ಸದ್ದು, ಹೆಂಗಸಿನ ಗಡ್ಡ, ಬೆಟ್ಟದ ಬೇರು, ಕರಡಿಯ ನರ, ಮೀನಿನ ಉಸಿರು, ಹಕ್ಕಿಯ ಉಗುಳು. ಬೆಕ್ಕು ನಡೆದರೆ ಸದ್ದಾಗಲ್ಲ, ಬೆಟ್ಟಕ್ಕೆ ಬೇರಿಲ್ಲ, ನೋಡಿಕೊಳ್ಳಿ, ನಾನು ಹೇಳಿದ್ದು ನಿಜ ತಾನೇ ಅನ್ನೋ ಧಾಟಿ ಸ್ನೋರಿಯದು. ನಮ್ಮ ಸ್ಟ್ರೆಂತ್ ಆಫ್ ಮಟೀರಿಯಲ್ಸ್ ಪೇಪರ್‌ನಲ್ಲಿ ಹೀಗೆ ಬರೆದರೆ ಸೊನ್ನೆ ಗ್ಯಾರಂಟಿ.

ಕಟ್ಟು ನೋಡಕ್ಕೆ ರೇಷ್ಮೆ ರಿಬ್ಬನ್ ಥರ. ಫೆನ್ರಿರ್ ದಡ್ಡ ಅಲ್ಲ. ಇಷ್ಟು ತೆಳುವಾದದ್ದನ್ನು ಹರಿದರೆ ನನಗೇನು ಹೆಸರು, ಇದರಲ್ಲಿ ಮೋಸ ಇದ್ದರೆ ನನಗೆ ಇದು ಬೇಡವೇ ಬೇಡ ಅಂದಿತು. ಆಗಲಿಲ್ಲ ಅಂದ್ರೆ ಬಿಚ್ಚಿಬಿಡುತ್ತೇವೆ ಅಂತ ದೇವತೆಗಳು ಮಾತು ಕೊಟ್ಟರು. ಹಾಗಾದರೆ ನಿಮ್ಮಲ್ಲಿ ಒಬ್ಬರು ನನ್ನ ಬಾಯಲ್ಲಿ ಕೈ ಇಡಿ ಅಂದಿತು ತೋಳ. ಎಲ್ಲರೂ ಮುಖ ಮುಖ ನೋಡಿಕೊಂಡರು. ಟಿರ್ ಮುಂದೆ ಬಂದು ಬಲಗೈ ಇಟ್ಟ.

ತೋಳ ಒದ್ದಾಡಿದಷ್ಟೂ ಕಟ್ಟು ಬಿಗಿಯಾಯ್ತು. ದೇವತೆಗಳೆಲ್ಲ ನಕ್ಕರು, ಟಿರ್ ಒಬ್ಬನನ್ನು ಬಿಟ್ಟು. ಅವನ ಕೈ ಹೋಗಿತ್ತು.

ಇಲ್ಲಿ ನನಗೆ ಸಮಾಧಾನ ಆಗಲ್ಲ. ತೋಳ ಅಲ್ಲಿಯವರೆಗೆ ಯಾರಿಗೂ ಏನೂ ಮಾಡಿರಲಿಲ್ಲ. ಮಾತು ಮುರಿದದ್ದು ದೇವರುಗಳು. ಊಟ ಹಾಕಿ ಸಾಕಿದವನೇ ಮೋಸಕ್ಕೆ ಒಪ್ಪಿಕೊಂಡ, ಆದರೆ ಅದರ ಬೆಲೆ ಕೊಟ್ಟವನೂ ಅವನೊಬ್ಬನೇ. ರೂಮ್‌ಮೇಟ್‌ಗೆ ಹೇಳಿದರೆ, "ಕೊನೆಗೆ ಅದು ಓಡಿನ್‌ನ ನುಂಗತ್ತೆ ಅಲ್ವಾ, ಕಟ್ಟಿದ್ದೇ ಸರಿ ಮಗಾ" ಅಂದ. ಕಟ್ಟಿದ್ದಕ್ಕೇ ನುಂಗಿತೇನೋ ಅಂತ ನಾನು. ಮೆಸ್ ಮುಚ್ಚೋವರೆಗೂ ಜಗಳ ಮುಗೀಲಿಲ್ಲ.

ಅಂದಹಾಗೆ ಇಂಗ್ಲಿಷಿನ ಟ್ಯೂಸ್‌ಡೇ ಈ ಟಿರ್‌ನ ದಿನ. ರೋಮನ್ನರು ಮಾರ್ಸ್‌ಗೆ, ಅಂದ್ರೆ ಮಂಗಳ ಗ್ರಹದ ದೇವರಿಗೆ ಕೊಟ್ಟ ವಾರವನ್ನು ಉತ್ತರದ ಜನ ಟಿರ್‌ಗೆ ಕೊಟ್ಟರು. ನಮ್ಮ ಮಂಗಳವಾರವೂ ಅದೇ ಗ್ರಹದ್ದು. ಇನ್ನೂ ಮಜಾ ಅಂದ್ರೆ, ಟಿರ್ ಅನ್ನೋ ಹೆಸರು ಮತ್ತು ಸಂಸ್ಕೃತದ ದೇವ ಎರಡೂ ಒಂದೇ ಹಳೆಯ ಬೇರಿನಿಂದ ಬಂದ ಪದಗಳು.

ಫೆನ್ರಿರ್‌ನ ಬಾಯಿ ಮುಚ್ಚದಂತೆ ದವಡೆಗೆ ಕತ್ತಿ ಸಿಕ್ಕಿಸಿದರು. ಸುರಿದ ಜೊಲ್ಲು ನದಿಯಾಗಿ ಹರಿಯಿತು. ಆ ನದಿಯ ಹೆಸರು ವಾನ್, ಅರ್ಥ ನಿರೀಕ್ಷೆ. ರಗ್ನರಾಕ್ ಎಂಬ ಕೊನೆಯ ಯುದ್ಧದ ದಿನ ಕಟ್ಟು ಹರಿದು, ತೋಳ ಓಡಿನ್‌ನನ್ನು ನುಂಗುತ್ತೆ. ಟಿರ್ ಗಾರ್ಮ್ ಎಂಬ ನಾಯಿಯ ಜೊತೆ ಹೋರಾಡಿ, ಅದನ್ನು ಕೊಂದು ತಾನೂ ಸಾಯುತ್ತಾನೆ. ಆಮೇಲೆ ಓಡಿನ್‌ನ ಮಗ ವಿಡಾರ್ ತೋಳದ ಕೆಳದವಡೆಯನ್ನು ಒಂದು ದಪ್ಪ ಬೂಟಿನ ಕಾಲಲ್ಲಿ ಮೆಟ್ಟಿ, ಬಾಯಿ ಸೀಳುತ್ತಾನೆ. ಆ ಬೂಟು ಎಲ್ಲಿಂದ ಬಂತು? ಜನ ತಮ್ಮ ಚಪ್ಪಲಿ, ಬೂಟು ಹೊಲಿಯುವಾಗ ಬೆರಳಿನ ಕಡೆ, ಹಿಮ್ಮಡಿ ಕಡೆ ಕತ್ತರಿಸಿ ಎಸೆಯುವ ಚರ್ಮದ ಚೂರುಗಳಿಂದ. ದೇವರಿಗೆ ಸಹಾಯ ಮಾಡಬೇಕು ಅನ್ನುವವರು ಆ ಚೂರುಗಳನ್ನು ಎಸೆಯಲೇಬೇಕಂತೆ.