ಕೋಟಿ ರೂಪಾಯಿ ಕಾರು ಬೇಡ, ಐರಾವತ ಬಸ್ಸೇ ಸಾಕು ಅಂದರು ಅಮ್ಮ: ಯಾಕೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಕಿವಿಗೆ ಇಯರ್‌ಫೋನ್ ಸಿಗಿಸಿಕೊಂಡು ಮೆಟ್ರೋದಲ್ಲೋ, ಆಫೀಸ್ ಕ್ಯಾಬ್‌ನಲ್ಲೋ ಕೂತು ಇದನ್ನು ಕೇಳ್ತಾ ಇದ್ದೀರಿ ಅಂದುಕೊಳ್ತೀನಿ. ಕ್ಯಾಬ್‌ನ ಹಿಂದಿನ ಸೀಟಲ್ಲಿದ್ದರೆ ಇನ್ನೂ ಒಳ್ಳೇದು. ಇವತ್ತಿನ ವಿಷಯ ನಿಮ್ಮ ಸೊಂಟಕ್ಕೇ ಅರ್ಥ ಆಗುತ್ತೆ.

ಕಳೆದ ಸಲ ಮಳೆಗಾಲ ಮುಗಿದ ಮೇಲೆ ಗೆಳೆಯನೊಬ್ಬನ ಕಾರಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ ಹೋದೆವು. ಕಾರಿನ ಹೆಸರು ಹೇಳಲ್ಲ, ಅವನ ಮರ್ಯಾದೆ ಪ್ರಶ್ನೆ. ಬೆಲೆ ಒಂದು ಕೋಟಿ ದಾಟಿದೆ, ಹಿಂದೆ ನಾಲ್ಕು ಸೈಲೆನ್ಸರ್ ಕೊಳವೆ, ಸ್ಟಾರ್ಟ್ ಮಾಡಿದರೆ ಬೀದಿ ನಾಯಿಗಳೆಲ್ಲ ಎದ್ದು ನಿಲ್ಲುತ್ತವೆ. ಪರ್ಫಾರ್ಮೆನ್ಸ್ ಎಸ್‌ಯುವಿ ಅಂದರೆ ಇದೇ. ಮುಂದೆ ನಾವಿಬ್ಬರು, ಹಿಂದೆ ನಮ್ಮಮ್ಮ. ನೆಲಮಂಗಲ ದಾಟಿ ಕುಣಿಗಲ್‌ವರೆಗೂ ಅಮ್ಮ ಖುಷಿಯಾಗಿಯೇ ಇದ್ದರು. ಹಾಸನ ಬರುವಷ್ಟರಲ್ಲಿ ಮಾತು ಕಡಿಮೆಯಾಯಿತು. ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದಾಗ ಇಳಿಯೋಕೆ ಕೈ ಕೊಡಬೇಕಾಯಿತು. ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿ ಹತ್ತಿರ ಬಂದಾಗ ಬಾಯಿ ಬಿಟ್ಟರು: "ವಾಪಸ್ ಬರುವಾಗ ನೀವಿಬ್ಬರೂ ಇದರಲ್ಲೇ ಬನ್ನಿ. ನಂಗೊಂದು ಐರಾವತ ಟಿಕೆಟ್ ಮಾಡ್ಸು."

ಸ್ಟೇರಿಂಗ್ ಹಿಡಿದಿದ್ದ ಗೆಳೆಯನಿಗೆ ಆಶ್ಚರ್ಯ. "ಮಗಾ, ನಂಗೇನೂ ಗೊತ್ತೇ ಆಗ್ಲಿಲ್ವಲ್ಲೋ, ರೈಡ್ ಸೂಪರ್ ಇತ್ತು" ಅಂದ. ತಮಾಷೆ ಏನು ಅಂದರೆ, ಇಬ್ಬರೂ ಹೇಳಿದ್ದು ನಿಜ. ಒಂದೇ ಕಾರು, ಒಂದೇ ರಸ್ತೆ, ಎರಡು ಸೀಟಿಗೆ ಎರಡು ಅನುಭವ. ಅದು ಹೇಗೆ ಅನ್ನೋದೇ ಇವತ್ತಿನ ಸಂಚಿಕೆ.

ಮೊದಲು ಒಂದು ತಪ್ಪು ಕಲ್ಪನೆ ಬಿಡೋಣ. ಸುಖವಾದ ಕಾರು ಅಂದರೆ ಮೆತ್ತಗಿರುವ ಕಾರು ಅಂತ ನಾವೆಲ್ಲ ಅಂದುಕೊಂಡಿದ್ದೀವಿ. ಅಷ್ಟೇ ಅಲ್ಲ. ಕಾರು ಅಲುಗಾಡದೆ ಇರೋಕೆ ಸಾಧ್ಯವೇ ಇಲ್ಲ. ಪ್ರಶ್ನೆ ಇರೋದು ಸೆಕೆಂಡಿಗೆ ಎಷ್ಟು ಸಲ ಅಲುಗಾಡುತ್ತೆ ಅನ್ನೋದರಲ್ಲಿ.

ನಾವು ನಡೆಯುವಾಗ ನಮ್ಮ ತಲೆ ಸೆಕೆಂಡಿಗೆ ಸುಮಾರು ಎರಡು ಸಲ ಮೇಲೆ ಕೆಳಗೆ ಹೋಗುತ್ತೆ. ಹುಟ್ಟಿದಾಗಿನಿಂದ ಅಭ್ಯಾಸ, ದೇಹ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ. ಆರಾಮದ ಕಾರುಗಳ ಸ್ಪ್ರಿಂಗನ್ನು ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ತೂಗುವ ಹಾಗೆ ಮಾಡಿರೋದು ಇದಕ್ಕೇ. ಆದರೆ ಸೆಕೆಂಡಿಗೆ 4ರಿಂದ 8 ಸಲದ ಮೇಲೆ ಕೆಳಗಿನ ಅದುರಾಟ ಇದೆಯಲ್ಲ, ಅದು ಕೂತ ಮನುಷ್ಯನಿಗೆ ಆಗಿಬರಲ್ಲ. ಹೊಟ್ಟೆ, ಬೆನ್ನುಮೂಳೆ ಎಲ್ಲ ಆ ಲಯಕ್ಕೆ ತಾವೂ ಸೇರಿಕೊಂಡು ಕುಣಿಯೋಕೆ ಶುರು ಮಾಡುತ್ತವೆ. ದೇಹದ ಮೇಲೆ ಕಂಪನದ ಪರಿಣಾಮ ಅಳೆಯೋಕೆ ಐಎಸ್‌ಒ 2631 ಅಂತ ಅಂತರರಾಷ್ಟ್ರೀಯ ಮಾನದಂಡವೇ ಇದೆ, ಅದರಲ್ಲೂ ಈ ಪಟ್ಟಿಗೆ ಹೆಚ್ಚು ತೂಕ. ತೀರಾ ನಿಧಾನ ಆದರೂ ಕಷ್ಟ. ಐದು ಸೆಕೆಂಡಿಗೊಂದು ಸಲದ ಹಾಗೆ ಉದ್ದುದ್ದ ತೂಗಾಡಿದರೆ ವಾಂತಿ ಬರುತ್ತೆ. ಘಾಟಿಯಲ್ಲಿ ಹಳೇ ಮೆತ್ತನೆ ಕಾರಲ್ಲಿ ಮಕ್ಕಳು ಯಾಕೆ ಹಸಿರಾಗ್ತಾರೆ ಅಂತ ಈಗ ಗೊತ್ತಾಯ್ತಲ್ವಾ?

ಹಾಗಾದರೆ ಪರ್ಫಾರ್ಮೆನ್ಸ್ ಎಸ್‌ಯುವಿಯ ಕಷ್ಟ ಏನು? ಅದು ಎತ್ತರ. ಜೊತೆಗೆ ತೂಕ, ಎರಡು ಟನ್ ದಾಟಿದ ತೂಕ. ಇಷ್ಟೆತ್ತರದ ವಸ್ತು ತಿರುವಿನಲ್ಲಿ ವೇಗವಾಗಿ ಹೋದರೆ ಪಕ್ಕಕ್ಕೆ ವಾಲುತ್ತೆ. ವಾಲಬಾರದು ಅಂದರೆ ಸ್ಪ್ರಿಂಗ್ ಬಿಗಿ ಮಾಡಬೇಕು, ಇಲ್ಲಾ ಎಡ ಬಲ ಚಕ್ರಗಳನ್ನು ಜೋಡಿಸುವ ಆ್ಯಂಟಿ ರೋಲ್ ಬಾರ್ ಅನ್ನೋ ಉಕ್ಕಿನ ಸಲಾಕೆಯನ್ನು ದಪ್ಪ ಮಾಡಬೇಕು. ನೆಲಕ್ಕೆ ಅಂಟಿಕೊಂಡಂತಿರುವ ಸ್ಪೋರ್ಟ್ಸ್ ಕಾರಿಗೆ ಇದು ಇಷ್ಟು ಬೇಕಾಗಲ್ಲ. ಅಂದರೆ ಎತ್ತರ ಕೂರುವ ಖುಷಿಗೆ ನಾವು ಬಿಗಿತದ ರೂಪದಲ್ಲಿ ಬೆಲೆ ಕಟ್ತೀವಿ.

ಆ ಸಲಾಕೆಯ ಒಂದು ಕಿತಾಪತಿ ಹೇಳ್ತೀನಿ. ಎಡ ಚಕ್ರ ಒಂದೇ ಗುಂಡಿಗೆ ಇಳಿಯಿತು ಅಂದುಕೊಳ್ಳಿ. ಸಲಾಕೆ ದಪ್ಪಗಿದ್ದರೆ ಬಲ ಚಕ್ರವನ್ನೂ ಎಳೆಯುತ್ತೆ, ಇಡೀ ಕಾರು ಪಕ್ಕಕ್ಕೆ ಒಮ್ಮೆ ಒದರುತ್ತೆ. ತಲೆ ಆ ಕಡೆ ಈ ಕಡೆ ಹೊಯ್ದಾಡುತ್ತೆ. ಡ್ರೈವ್ ಮಾಡುವವನಿಗೆ ಗುಂಡಿ ಮುಂಚೆಯೇ ಕಾಣುತ್ತೆ, ಕೈಯಲ್ಲಿ ಸ್ಟೇರಿಂಗ್ ಇದೆ, ಗೊತ್ತಿಲ್ಲದೇ ಮೈ ಬಿಗಿ ಹಿಡಿದಿರ್ತಾನೆ. ಅವನು ಕೂತಿರೋದೂ ನಾಲ್ಕು ಚಕ್ರಗಳ ನಡುವೆ. ಹಿಂದೆ ಕೂತವರು ಹಿಂದಿನ ಚಕ್ರಕ್ಕೆ ಹತ್ತಿರ, ಹಿಡಿಯೋಕೆ ಏನಿಲ್ಲ, ಗುಂಡಿ ಬರ್ತಾ ಇದೆ ಅಂತ ಗೊತ್ತೂ ಇಲ್ಲ. ಅಮ್ಮನಿಗೆ ಆಗಿದ್ದು ಇದು. (ಬಸ್ಸಲ್ಲೂ ಇದೇ ನಿಯಮ. ಟಿಕೆಟ್ ಬುಕ್ ಮಾಡುವಾಗ ಮಧ್ಯದ ಸಾಲು ಹಿಡೀರಿ, ಕೊನೇ ಸೀಟು ಕಾಲೇಜು ಟ್ರಿಪ್‌ಗೆ ಮಾತ್ರ.)

ಈಗ ನಿಜವಾದ ಕಾರಿಗೆ ಬರೋಣ. ಈ ವಿಷಯಕ್ಕೆ ಲ್ಯಾಂಬೊರ್ಗಿನಿ ಉರುಸ್‌ಗಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. 2022ರಲ್ಲಿ ಅವರು ಇದರ ಎರಡು ಆವೃತ್ತಿ ತಂದರು: ಉರುಸ್ ಪರ್ಫಾರ್ಮಾಂಟೆ ಮತ್ತು ಉರುಸ್ ಎಸ್. ಎರಡಕ್ಕೂ ಅದೇ 4 ಲೀಟರ್ ವಿ8 ಎಂಜಿನ್, ಅದೇ 666 ಹಾರ್ಸ್‌ಪವರ್, ಅದೇ 850 ನ್ಯೂಟನ್ ಮೀಟರ್ ಟಾರ್ಕ್. ಮುಖ್ಯ ವ್ಯತ್ಯಾಸ ಇರೋದು ಕೆಳಗೆ. ಎಸ್‌ಗೆ ಗಾಳಿ ತುಂಬಿದ ಏರ್ ಸ್ಪ್ರಿಂಗ್. ಪರ್ಫಾರ್ಮಾಂಟೆಗೆ ಉಕ್ಕಿನ ಸ್ಪ್ರಿಂಗ್, 20 ಮಿಲಿಮೀಟರ್ ತಗ್ಗು, 47 ಕಿಲೋ ಹಗುರ. ಸೊನ್ನೆಯಿಂದ ನೂರಕ್ಕೆ ಪರ್ಫಾರ್ಮಾಂಟೆ 3.3 ಸೆಕೆಂಡ್, ಎಸ್ 3.5 ಸೆಕೆಂಡ್.

ಅಂದರೆ ಐದನೇ ಒಂದು ಸೆಕೆಂಡ್ ಉಳಿತಾಯ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕಣ್ಣು ಮಿಟುಕಿಸಿದಷ್ಟು.

ಕಳೆದುಕೊಳ್ಳೋದು ಏನು? ಏರ್ ಸ್ಪ್ರಿಂಗ್ ಕಾರನ್ನು ಬೇಕಾದಾಗ ಎತ್ತಬಹುದು. ಉರುಸ್‌ನಲ್ಲಿ ನೆಲದಿಂದ ಅಂತರ 158ರಿಂದ 248 ಮಿಲಿಮೀಟರ್‌ವರೆಗೆ ಬದಲಾಗುತ್ತೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ಇಳಿಜಾರಿನಲ್ಲಿ ಈ ಒಂದು ಗುಂಡಿ... ಕ್ಷಮಿಸಿ, ರಸ್ತೆ ಗುಂಡಿ ಅಲ್ಲ, ಒತ್ತುವ ಗುಂಡಿ, ಅದೊಂದೇ ಸಾಕು ಲಕ್ಷ ಉಳಿಸೋಕೆ. ಪರ್ಫಾರ್ಮಾಂಟೆಯಲ್ಲಿ ಅದು ಇಲ್ಲ. ಎರಡನೇದು ಇನ್ನೂ ಮುಖ್ಯ. ಉಕ್ಕಿನ ಸ್ಪ್ರಿಂಗ್‌ಗೆ ಒಂದೇ ಬಿಗಿತ. ಒಬ್ಬರೇ ಇದ್ದಾಗ ಒಂದು ಲಯ, ಐದು ಜನ ಕೂತು ಡಿಕ್ಕಿ ತುಂಬಿದಾಗ ಇನ್ನೊಂದು. ಗಾಳಿ ಸ್ಪ್ರಿಂಗ್‌ನಲ್ಲಿ ಭಾರ ಹೆಚ್ಚಾದರೆ ಒತ್ತಡವೂ ಹೆಚ್ಚುತ್ತೆ, ಅದರ ಜೊತೆ ಬಿಗಿತವೂ. ಹಾಗಾಗಿ ಲಯ ಹೆಚ್ಚು ಕಡಿಮೆ ಅಲ್ಲೇ ಉಳಿಯುತ್ತೆ. ಅಮ್ಮ ಕೇಳಿದ ಐರಾವತದ ಗುಟ್ಟೂ ಇದೇ. ಆ ವೋಲ್ವೊ ಬಸ್ಸುಗಳು ಕೂತಿರೋದು ಗಾಳಿ ತುಂಬಿದ ಬೆಲ್ಲೋಗಳ ಮೇಲೆ. ಹತ್ತು ಜನ ಇರಲಿ, ನಲವತ್ತು ಜನ ಇರಲಿ, ಅದೇ ತೂಗು. ಜೊತೆಗೆ ಉದ್ದದ ಮೈ, ಭಾರ ಬೇರೆ. ಸೋಲದೆ ಏನು ಮಾಡುತ್ತೆ ನಮ್ಮ ಕಾರು?

ಹಾಗಂತ ಗಾಳಿ ಅಂದರೆ ಡೀಲಾ ಅಂತಲ್ಲ. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ರೇಸ್ ಟ್ರ್ಯಾಕ್‌ನಲ್ಲಿ ಎಸ್‌ಯುವಿಗಳ ದಾಖಲೆ ನೋಡಿ. 2019ರಲ್ಲಿ ಆಡಿ ಆರ್‌ಎಸ್ ಕ್ಯೂ8 ಒಂದು ಸುತ್ತಿಗೆ 7 ನಿಮಿಷ 42 ಸೆಕೆಂಡ್. 2021ರಲ್ಲಿ ಪೋರ್ಷೆ ಕಯೆನ್ ಟರ್ಬೊ ಜಿಟಿ ಅದನ್ನು 7 ನಿಮಿಷ 38.9 ಸೆಕೆಂಡಿಗೆ ಇಳಿಸಿತು. 2024ರಲ್ಲಿ ಆರ್‌ಎಸ್ ಕ್ಯೂ8 ಪರ್ಫಾರ್ಮೆನ್ಸ್ 7 ನಿಮಿಷ 36.7. ಮೂರೂ ಏರ್ ಸ್ಪ್ರಿಂಗ್ ಕಾರುಗಳೇ. ಇವು ಮಾಡಿದ ಜಾಣತನ ಏನು ಅಂದರೆ, ಆ ಉಕ್ಕಿನ ಸಲಾಕೆಯನ್ನು ಎರಡು ತುಂಡು ಮಾಡಿ ನಡುವೆ 48 ವೋಲ್ಟ್‌ನ ಮೋಟಾರ್ ಕೂರಿಸಿದ್ದು. ನೇರ ರಸ್ತೆಯಲ್ಲಿ ಮೋಟಾರ್ ಎರಡೂ ಬದಿಯನ್ನು ಬಿಟ್ಟುಬಿಡುತ್ತೆ, ಎಡ ಚಕ್ರದ ಗುಂಡಿ ಎಡ ಚಕ್ರಕ್ಕೇ ಮುಗಿಯುತ್ತೆ. ತಿರುವು ಬಂದ ಕೂಡಲೇ ಬಿಗಿ ಹಿಡಿಯುತ್ತೆ. ಉರುಸ್‌ನಲ್ಲೂ ಇದೆ. ನನ್ನ ಕೇಳಿದರೆ ಈ ಕಾರುಗಳಲ್ಲಿ ದುಡ್ಡಿಗೆ ತಕ್ಕ ವಸ್ತು ವಿ8 ಅಲ್ಲ, ಈ ಮೋಟಾರು.

ಇಷ್ಟೆಲ್ಲ ಬುದ್ಧಿ ಖರ್ಚು ಮಾಡಿ, ಕೊನೆಗೆ ಶೋರೂಮಿನಲ್ಲಿ ನಾವೇ ಅದನ್ನು ಹಾಳು ಮಾಡ್ತೀವಿ. ಹೇಗೆ? ದೊಡ್ಡ ಅಲಾಯ್ ಹಾಕಿಸಿ.

ಟಯರ್ ಮೇಲೆ 285/45 ಆರ್21 ಅಂತ ಬರೆದಿರುತ್ತಲ್ಲ, ಅದರ ಅರ್ಥ ಅಗಲ 285 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 45, ರಿಮ್ 21 ಇಂಚು. ಗೋಡೆ ಅಂದರೆ ರಿಮ್ಮಿಗೂ ನೆಲಕ್ಕೂ ನಡುವಿನ ರಬ್ಬರು. ಲೆಕ್ಕ ಹಾಕಿದರೆ 128 ಮಿಲಿಮೀಟರ್. ಅದೇ ಉರುಸ್‌ನ ಮುಂದಿನ ಚಕ್ರ 22 ಇಂಚು ಆದರೆ ಗೋಡೆ 114, 23 ಇಂಚು ಆದರೆ ಬರೀ 100. ಎರಡಿಂಚು ಚಂದಕ್ಕೆ ಐದನೇ ಒಂದು ಭಾಗ ಕುಶನ್ ಹೋಯಿತು. ಸಣ್ಣ, ಚೂಪು ಏಟನ್ನು ನುಂಗೋದು ಸ್ಪ್ರಿಂಗ್ ಅಲ್ಲ ಕಣ್ರೀ, ಈ ರಬ್ಬರು. ಜೊತೆಗೆ ರಿಮ್ಮಿನ ತೂಕವೂ ಏರಿರುತ್ತೆ. ಭಾರದ ಚಕ್ರ ಒಮ್ಮೆ ಕುಣಿಯೋಕೆ ಶುರು ಮಾಡಿದರೆ ನಿಲ್ಲಿಸೋದು ಕಷ್ಟ. ಉರುಸ್‌ನ ಮುಂದಿನ ಬ್ರೇಕ್ ಡಿಸ್ಕೇ 440 ಮಿಲಿಮೀಟರ್ ಅಗಲ. ಅದೂ ಉಕ್ಕಿನದಾಗಿದ್ದರೆ ಇನ್ನೂ ಭಾರ, ಹಗುರವಾದ ಕಾರ್ಬನ್ ಸೆರಾಮಿಕ್ ಬಳಸಿರೋದಕ್ಕೆ ಇದೂ ಒಂದು ಕಾರಣ.

ನಾಲ್ಕು ಕೋಟಿ ಕಾರಿನ ಕಥೆ ನಮಗ್ಯಾಕೆ ಗುರು ಅಂತೀರಾ? ನಿಮ್ಮ ಮನೆ ಮುಂದಿನ ಕಾರಿಗೇ ಬನ್ನಿ. ಹ್ಯುಂಡೈ ಕ್ರೆಟಾದ 17 ಇಂಚಿನ ಟಯರ್ ಗೋಡೆ 129 ಮಿಲಿಮೀಟರ್. ಸ್ಪೋರ್ಟಿ ಅನ್ನಿಸುವ ಕ್ರೆಟಾ ಎನ್ ಲೈನ್‌ನ 18 ಇಂಚಿನಲ್ಲಿ 118. ಕಂಪನಿಯವರು ಅದಕ್ಕೆ ತಕ್ಕ ಹಾಗೆ ಸಸ್ಪೆನ್ಷನ್ ಹೊಂದಿಸಿರ್ತಾರೆ, ಅದು ಬೇರೆ ಮಾತು. ಆದರೆ ಹೊರಗಡೆ ಅಂಗಡಿಯಲ್ಲಿ ಇನ್ನೂ ಎರಡಿಂಚು ದೊಡ್ಡ ಅಲಾಯ್ ಹಾಕಿಸಿದರೆ ಹೊಂದಿಸಿಕೊಡೋಕೆ ಯಾರೂ ಇರಲ್ಲ. ಇಎಂಐ ಮುಗಿಯುವವರೆಗೂ ಸೊಂಟವೇ ಹೊಂದಿಸಿಕೊಳ್ಳಬೇಕು.

ಊರೊಳಗಿನ ಓಡಾಟಕ್ಕೂ ದೂರದ ಪ್ರಯಾಣಕ್ಕೂ ಯಾಕಿಷ್ಟು ವ್ಯತ್ಯಾಸ ಅಂತ ತುಂಬಾ ಜನ ಕೇಳ್ತಾರೆ. ಸಣ್ಣ ಲೆಕ್ಕ ಮಾಡೋಣ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ರೋಡ್ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 25 ಕಿಲೋಮೀಟರ್ ವೇಗಕ್ಕೆ. ಆ ವೇಗದಲ್ಲಿ ದಾಟೋಕೆ ಅರ್ಧ ಸೆಕೆಂಡ್ ಹಿಡಿಯುತ್ತೆ. ಅಂದರೆ ಸೆಕೆಂಡಿಗೆ ಎರಡು ಸಲದ ಲಯ, ನಡಿಗೆಯಷ್ಟೇ. ದೇಹ ಸಹಿಸಿಕೊಳ್ಳುತ್ತೆ. ಈಗ ನಮ್ಮ ಬಡಾವಣೆಯ ಹಂಪ್ ನೆನಪಿಸಿಕೊಳ್ಳಿ. ಅರ್ಧ ಮೀಟರ್ ಅಗಲ, ಗೋಡೆ ಕಟ್ಟಿದ ಹಾಗೆ. 15 ಕಿಲೋಮೀಟರ್ ವೇಗದಲ್ಲಿ ದಾಟಿದರೂ ಸೆಕೆಂಡಿಗೆ ಎಂಟು ಸಲದ ಲೆಕ್ಕ. ನೇರ ಬೆನ್ನಿಗೆ. ಬಿಗಿ ಕಾರು ಊರೊಳಗೆ ನಿಧಾನಕ್ಕೆ ಹೋಗುವಾಗಲೇ ಹೆಚ್ಚು ಕಾಡೋದು ಯಾಕೆ ಅಂದರೆ ಇದಕ್ಕೇ.

ಹೆದ್ದಾರಿಯಲ್ಲಿ ಚಿತ್ರ ಬದಲಾಗುತ್ತೆ. ಮೈಸೂರು ಹೆದ್ದಾರಿಯಂಥ ರಸ್ತೆಯಲ್ಲಿ ಮೆತ್ತನೆ ಕಾರು ಸೇತುವೆಯ ಏರಿಳಿತಕ್ಕೆ ದೋಣಿಯ ಹಾಗೆ ತೇಲಿ, ಮತ್ತೊಮ್ಮೆ ತೇಲಿ, ಆಮೇಲೆ ನಿಲ್ಲುತ್ತೆ. ಒಳ್ಳೆ ಡ್ಯಾಂಪರ್ ಇರುವ ಪರ್ಫಾರ್ಮೆನ್ಸ್ ಎಸ್‌ಯುವಿ ಒಂದೇ ಸಲ ಇಳಿದು ಕೂತುಬಿಡುತ್ತೆ. ಮೂರು ಗಂಟೆ ಓಡಿಸಿದರೂ ಆಯಾಸ ಕಡಿಮೆ. ಗೆಳೆಯ ಹೇಳಿದ ಸೂಪರ್ ರೈಡ್ ಇದು. ಆದರೆ ಕಾಂಕ್ರೀಟ್ ಹೆದ್ದಾರಿ ಸಿಕ್ಕಿದರೆ ಹುಷಾರು. ಅಲ್ಲಿ ಸಾಮಾನ್ಯವಾಗಿ ನಾಲ್ಕೂವರೆ ಮೀಟರ್‌ಗೊಂದು ಜಾಯಿಂಟ್ ಇರುತ್ತೆ. ಗಂಟೆಗೆ 100 ಕಿಲೋಮೀಟರ್ ಹೋದರೆ ಸೆಕೆಂಡಿಗೆ ಆರು ಜಾಯಿಂಟ್, ಬೆನ್ನಿಗೆ ಆಗದ ಅದೇ ಪಟ್ಟಿಯ ನಟ್ಟನಡುವೆ. ಜಾಯಿಂಟ್ ಸವೆದಿದ್ದು ಟಯರ್ ಗೋಡೆಯೂ ಗಿಡ್ಡ ಇದ್ದರೆ ಟಕ ಟಕ ಅಂತ ಊರು ಮುಟ್ಟುವವರೆಗೂ ಬಿಡಲ್ಲ.

ಇಂಥ ಕಾರು, ಹೊಸದೋ ಸೆಕೆಂಡ್ ಹ್ಯಾಂಡೋ, ನೋಡೋಕೆ ಹೋದರೆ ಟೆಸ್ಟ್ ಡ್ರೈವ್ ಅರ್ಧ ಹೊತ್ತು ಹಿಂದಿನ ಸೀಟಲ್ಲಿ ಕೂತ್ಕೊಳ್ಳಿ. ಶೋರೂಮಿನವರು ತೋರಿಸುವ ರಸ್ತೆ ಬಿಟ್ಟು ನಿಮ್ಮ ಮನೆ ರಸ್ತೆಗೆ ಕರ್ಕೊಂಡು ಬನ್ನಿ. ಮನೆಯಲ್ಲಿ ದೊಡ್ಡವರಿದ್ದರೆ ಅವರನ್ನೇ ಕೂರಿಸಿ, ಕಂಪ್ಯೂಟರಿಗಿಂತ ಚೆನ್ನಾಗಿ ಹೇಳ್ತಾರೆ. ಟಯರ್ ಗಾಳಿಯನ್ನು ಬೆಳಿಗ್ಗೆ, ಕಾರು ತಣ್ಣಗಿದ್ದಾಗ ನೋಡಿ. ಡ್ರೈವರ್ ಬಾಗಿಲ ಪಕ್ಕದ ಸ್ಟಿಕರ್‌ನಲ್ಲಿ ಕಡಿಮೆ ಜನರಿಗೆ ಬೇರೆ, ಪೂರ್ತಿ ಭಾರಕ್ಕೆ ಬೇರೆ ಅಂಕಿ ಇರುತ್ತೆ. ಇಬ್ಬರೇ ಓಡಾಡುವಾಗ ಪೂರ್ತಿ ಭಾರದ ಗಾಳಿ ಹಾಕಿಸಿಕೊಂಡು ಕಾರನ್ನು ಬೈಯಬೇಡಿ. ಮೆತ್ತಗಾಗಲಿ ಅಂತ ಸ್ಟಿಕರ್‌ಗಿಂತ ಕಡಿಮೆ ಮಾಡೋದೂ ಬೇಡ, ಹೆದ್ದಾರಿಯಲ್ಲಿ ಟಯರ್ ಬಿಸಿಯಾಗಿ ಒಡೆಯುತ್ತೆ.

ನಮ್ಮ ಗೆಳೆಯ ಏನು ಮಾಡಿದ ಅಂತ ಹೇಳಿ ಮುಗಿಸ್ತೀನಿ. ಅವನ ಕಾರಿನ ಪಟ್ಟಿಯಲ್ಲೇ ಒಂದಿಂಚು ಚಿಕ್ಕ ಚಕ್ರ ಇತ್ತು, ಅದನ್ನು ಹಾಕಿಸಿದ. ಎಂಜಿನ್ ಸ್ಪೋರ್ಟ್‌ನಲ್ಲೇ ಇರಲಿ, ಸಸ್ಪೆನ್ಷನ್ ಮಾತ್ರ ಕಂಫರ್ಟ್‌ನಲ್ಲಿ ಅಂತ ಸೆಟ್ ಮಾಡಿಟ್ಟ. ಇಷ್ಟು ದಿನ ಎರಡೂ ಸ್ಪೋರ್ಟ್‌ನಲ್ಲೇ ಇತ್ತಂತೆ ಪುಣ್ಯಾತ್ಮನಿಗೆ! ಆಮೇಲೊಂದು ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಮೈಸೂರಿಗೆ ಹೋದೆವು. ಶ್ರೀರಂಗಪಟ್ಟಣ ಬಂದಾಗ ತಿರುಗಿ ನೋಡಿದರೆ ನಿದ್ದೆ ಹೋಗಿದ್ದರು. ಇಳಿದ ಮೇಲೆ, ಹೇಗಿತ್ತಮ್ಮಾ ಅಂದೆ.

"ಪರವಾಗಿಲ್ಲ" ಅಂದರು. ಮಂಗಳೂರಿಗೆ ಮಾತ್ರ ಬಸ್ಸೇ ಆಗಬೇಕಂತೆ.